ಕಂಪನಿಗಳ ಸಾಧನಗಳಿಗೆ ಮುಕ್ತ ತಂತ್ರಾಂಶ ಬರೆದುಕೊಡುವ ಸ್ವಯಂಸೇವಕರಿಗೆ ಏನಾದರೂ ಲಾಭವಿದೆಯೇ?

ಇದೆ. ಆದರೆ ಸಾಧನ ಮಾರಿದ ಹಣದಲ್ಲಿ ಪಾಲು ಸಿಗುವುದಿಲ್ಲ. ಉಳಿದದ್ದೆಲ್ಲ ಲೈಸೆನ್ಸ್ ಯಾವುದು, ಕೋಡ್ ಎಲ್ಲಿಗೆ ಸೇರುತ್ತದೆ ಎಂಬುದರ ಮೇಲೆ ನಿಂತಿದೆ.

ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ರೂಟರ್ ನೋಡಿ. ಅದರೊಳಗೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಇದೆಯೆಂದು ಗೊತ್ತಾದ ಮೇಲೆ, ಅದರ ಲೈಸೆನ್ಸ್ ಆದ ಜಿಪಿಎಲ್ (ತಂತ್ರಾಂಶ ಹಂಚುವವರು ಮೂಲ ಕೋಡನ್ನೂ ಕೊಡಬೇಕು ಎನ್ನುತ್ತದೆ) ಷರತ್ತಿನಂತೆ 2003ರಲ್ಲಿ ಮೂಲ ಕೋಡ್ ಹೊರಬಂತು. ಅದರ ಆಧಾರದ ಮೇಲೆ 2004ರಲ್ಲಿ ರೂಟರ್‌ಗಳಿಗಾಗಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಶುರುವಾಯಿತು. ತಯಾರಕರು ಅಪ್‌ಡೇಟ್ ನಿಲ್ಲಿಸಿದ ಎಷ್ಟೋ ರೂಟರ್‌ಗಳು ಇಂದಿಗೂ ಅದರಿಂದಲೇ ಬದುಕಿವೆ. ಬರೆದವರಿಗೂ ಬಳಸುವವರಿಗೂ ಇದು ನಿಜವಾದ ಗಳಿಕೆ. ಕೋಡ್ ಕೊಡಬೇಕೆಂಬ ಷರತ್ತಿಲ್ಲದ ಎಂಐಟಿ ಲೈಸೆನ್ಸ್ ಆಗಿದ್ದರೆ ಕಂಪನಿ ಏನನ್ನೂ ಹಿಂದಿರುಗಿಸಬೇಕಿರಲಿಲ್ಲ.

ಡ್ರೈವರ್ (ಯಂತ್ರಾಂಶದ ಒಂದು ಭಾಗವನ್ನು ನಡೆಸುವ ತಂತ್ರಾಂಶ) ಬರೆದರೆ ಅದನ್ನು ಲಿನಕ್ಸ್‌ನ ತಿರುಳಾದ ಮುಖ್ಯ ಕರ್ನಲ್‌ಗೇ ಸೇರಿಸಲು ಪ್ರಯತ್ನಿಸಿ. ಕರ್ನಲ್‌ನ ಒಳಗಿನ ಎಪಿಐ (ಅದರ ಭಾಗಗಳು ಒಂದನ್ನೊಂದು ಬಳಸುವ ವಿಧಾನ) ಬದಲಿಸುವವರು ಅದನ್ನು ಬಳಸುವ ಡ್ರೈವರ್‌ಗಳನ್ನೂ ತಾವೇ ತಿದ್ದಬೇಕು. ಹೊರಗೇ ಇಟ್ಟುಕೊಂಡರೆ ಪ್ರತಿ ಆವೃತ್ತಿಗೂ ಆ ಕೆಲಸ ನಿಮ್ಮ ತಲೆಗೇ. ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಇತಿಹಾಸದಲ್ಲಿ ನಿಮ್ಮ ಹೆಸರೂ ಉಳಿಯುತ್ತದೆ, ಕೆಲಸ ಹುಡುಕುವಾಗ ಅದು ಯಾರು ಬೇಕಾದರೂ ಪರಿಶೀಲಿಸಬಹುದಾದ ಪುರಾವೆ.

ಕೈಕೊಡುವುದು ಬೀಗ ಹಾಕಿದ ಬೂಟ್‌ಲೋಡರ್ (ಸಾಧನ ಚಾಲೂ ಆದಾಗ ಮೊದಲು ಓಡಿ ಉಳಿದ ತಂತ್ರಾಂಶವನ್ನು ಶುರುಮಾಡುವ ಪ್ರೋಗ್ರಾಂ). ಕೋಡ್ ಕೈಯಲ್ಲಿದ್ದರೂ ಕಂಪನಿಯ ಡಿಜಿಟಲ್ ಸಹಿ ಇಲ್ಲದ ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ಓಡುವುದಿಲ್ಲ. ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡುವ ಟಿವೋ ಸಾಧನಗಳಲ್ಲಿ ಹೀಗಾದ್ದರಿಂದಲೇ 2007ರ ಜಿಪಿಎಲ್ 3ರಲ್ಲಿ ಇದರ ವಿರುದ್ಧ ಷರತ್ತು ಬಂತು. ಲಿನಕ್ಸ್ ಕರ್ನಲ್ ಮಾತ್ರ ಆ ಷರತ್ತಿಲ್ಲದ ಜಿಪಿಎಲ್ 2ರಲ್ಲೇ ಉಳಿದಿದೆ. ಹಾಗಾಗಿ ಮೊದಲ ಸಾಲು ಬರೆಯುವ ಮುನ್ನವೇ ಬೂಟ್‌ಲೋಡರ್ ತೆರೆಯುತ್ತದೆಯೇ, ವೈಫೈ ಚಿಪ್‌ಗೆ ಮುಕ್ತ ಡ್ರೈವರ್ ಇದೆಯೇ ನೋಡಿ. ಕಂಪನಿಯು ಕೊಡುಗೆ ಒಪ್ಪಂದಕ್ಕೆ (ನೀವು ಕೊಡುವ ಕೋಡಿನ ಹಕ್ಕುಗಳ ಕುರಿತ ಒಪ್ಪಂದ) ಸಹಿ ಕೇಳಿದರೆ, ನಿಮ್ಮ ಕೋಡನ್ನು ಮುಚ್ಚಿದ ಲೈಸೆನ್ಸ್‌ಗೆ ಬದಲಿಸುವ ಹಕ್ಕು ಅದರಲ್ಲಿದೆಯೇ ಎಂದು ಓದಿಯೇ ಸಹಿ ಹಾಕಿ.