ದಿಂಬಿನಡಿ ದೋಸೆ, ಮೊಟ್ಟೆ ಬಚ್ಚಿಡುವ ಮಗಳು: ಪ್ರತಿಕ್ರಿಯೆ

ಇದು ಕಳ್ಳತನ ಅಲ್ಲ, ಹಸಿವಿನ ಹೆದರಿಕೆ ಇರಬೇಕು. ದತ್ತು ಬಂದ ನಾಲ್ಕು ವರ್ಷದ ಮಗಳು ದೋಸೆ, ಕೋಳಿಗೂಡಿನ ಮೊಟ್ಟೆ ದಿಂಬಿನಡಿ ಬಚ್ಚಿಡುತ್ತಾಳೆ ಎಂದಿದ್ದೀರಿ. ನಮ್ಮ ಮಗನೂ ಹೀಗೇ ಮಾಡುತ್ತಿದ್ದ.

ಮೊದಲು ಬೈಯುವುದು, ಅವಳೆದುರೇ ದಿಂಬು ತಡಕುವುದು ಬಿಡಿ. ಕೈಗೆಟಕುವಲ್ಲಿ ಒಂದು ಡಬ್ಬ ಇಡಿ. ಅವಲಕ್ಕಿ, ಬಾಳೆಹಣ್ಣು, ಬಿಸ್ಕತ್ತು ಇರಲಿ, ಕೇಳದೆ ತಿನ್ನಲಿ. ಖಾಲಿಯಾದರೆ ಅವಳ ಕಣ್ಣೆದುರೇ ತುಂಬಿಸಿ. ಮುಖ್ಯ ಇದೇ. ‘ಊಟ ಕೊಡಲ್ಲ’ ಎಂದು ತಮಾಷೆಗೂ ಹೇಳಬೇಡಿ. ಮನೆಯ ಹಿರಿಯರಿಗೂ ಹೇಳಿಡಿ, ಅದೇ ಜಾಸ್ತಿ ಕಷ್ಟ!

ಬಚ್ಚಿಟ್ಟದ್ದನ್ನು ಸುಮ್ನೆ ತೆಗೆದು, ಅಷ್ಟೇ ಹೊಸದನ್ನು ಡಬ್ಬಕ್ಕೆ ಹಾಕಿ. ಕಾಸರಗೋಡಿನ ಮಳೆಗಾಲದಲ್ಲಿ ಬೂಸ್ಟು ಬರಲು ಹೊತ್ತು ಬೇಡ.

ಮೊಟ್ಟೆಗೆ ಬೇರೆ ದಾರಿ. ಬೆಳಿಗ್ಗೆ ಜೊತೆಯಲ್ಲೇ ಗೂಡಿಗೆ ಹೋಗಿ, ಹೆಕ್ಕುವ ಕೆಲಸ ಅವಳಿಗೇ ಕೊಡಿ. ಒಂದನ್ನು ‘ಇದು ನಿಂದು’ ಎಂದು ಬೇಯಿಸಿ ಕೊಡಿ. ಹಿಕ್ಕೆಯಲ್ಲಿ, ಮೊಟ್ಟೆಯ ಚಿಪ್ಪಿನಲ್ಲಿ ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಸೋಪು ಹಾಕಿ ಕೈ ತೊಳೆಸಿ.

ಎಷ್ಟು ಸಮಯ ಹಿಡಿಯುತ್ತದೋ ಹೇಳಲಾಗದು, ಮಗುವಿನಿಂದ ಮಗುವಿಗೆ ಬೇರೆ. ತೂಕ ಇಳಿದರೆ, ವಾಂತಿಯಾಗುವಷ್ಟು ತಿಂದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ದತ್ತು ಏಜೆನ್ಸಿಯವರು 2 ವರ್ಷದ ತನಕ 6 ತಿಂಗಳಿಗೊಮ್ಮೆ ವರದಿ ಮಾಡುತ್ತಾರಲ್ವಾ, ಅಷ್ಟರವರೆಗೆ ಕಾಯದೆ ಈಗಲೇ ಫೋನ್ ಮಾಡಿ ಕೇಳಿ.