ಉಚಿತವಾಗಿ ಬರುವ ಹಿರಿಯನೋ, ಬೆಳೆಸಬೇಕಾದ ಹುಡುಗನೋ?

ಪ್ರಶ್ನೆ: ನಾನು ಮೂಡಿಗೆರೆ ಸಮೀಪದ ಕಾಫಿ ಬೆಳೆಗಾರ, ಬೆಂಗಳೂರು ಎಫ್‌ಸಿ ಅಭಿಮಾನಿ. ನಾವು ಮುದಿ ಗಿಡ ಕಿತ್ತು ಸಸಿ ನೆಟ್ಟರೆ ಫಸಲಿಗೆ ಮೂರು ನಾಲ್ಕು ವರ್ಷ ಕಾಯುತ್ತೇವೆ. ಫುಟ್‌ಬಾಲ್ ಕ್ಲಬ್ಬುಗಳಿಗೆ ಮಾತ್ರ ಆ ತಾಳ್ಮೆ ಇಲ್ಲ. ಒಪ್ಪಂದ ಮುಗಿದ ಮೂವತ್ತೈದರ ಆಟಗಾರ ವರ್ಗಾವಣೆ ಶುಲ್ಕವಿಲ್ಲದೆ ಸಿಗುತ್ತಾನೆಂದು ಕರೆತಂದು, ಅಕಾಡೆಮಿಯ ಹುಡುಗರನ್ನು ಬೆಂಚಿನಲ್ಲಿ ಕೂರಿಸುತ್ತವೆ. ಇದು ಸರಿಯೇ?

ಉತ್ತರ: ಶುಲ್ಕವಿಲ್ಲ ಎಂದರೆ ಖರ್ಚಿಲ್ಲ ಎಂದರ್ಥವಲ್ಲ. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯವು ಬೆಲ್ಜಿಯಂನ ಜಾನ್ ಮಾರ್ಕ್ ಬೋಸ್ಮನ್ ಪ್ರಕರಣದಲ್ಲಿ ತೀರ್ಪು ಕೊಟ್ಟ ಮೇಲೆ, ಒಪ್ಪಂದ ಮುಗಿದ ಆಟಗಾರನನ್ನು ಹಳೆಯ ಕ್ಲಬ್ ಹಣಕ್ಕಾಗಿ ಹಿಡಿದಿಟ್ಟುಕೊಳ್ಳುವ ಪದ್ಧತಿ ಅಲ್ಲಿ ಕೊನೆಗೊಂಡಿತು. ಆದರೆ ಹಿಂದೆ ಕ್ಲಬ್ಬಿನಿಂದ ಕ್ಲಬ್ಬಿಗೆ ಹೋಗುತ್ತಿದ್ದ ಆ ಹಣ ಮಾಯವಾಗಲಿಲ್ಲ. ಅದರ ದೊಡ್ಡ ಪಾಲು ಸಹಿ ಮೊತ್ತವಾಗಿ, ಏಜೆಂಟರ ಕಮಿಷನ್ ಆಗಿ, ಹೆಚ್ಚಿದ ಸಂಬಳವಾಗಿ ರೂಪ ಬದಲಿಸಿತು. ಮೂವತ್ತೈದರವನಿಗೆ ಕೊಟ್ಟ ಸಂಬಳಕ್ಕೆ ಮರುಮಾರಾಟದ ಬೆಲೆಯೂ ಇರುವುದಿಲ್ಲ. ಆದ್ದರಿಂದ ತಾವು ಅನುಮಾನಿಸುವುದರಲ್ಲಿ ತಪ್ಪಿಲ್ಲ. ಆದರೂ ತಮ್ಮ ತೀರ್ಮಾನವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಅದಕ್ಕೆ ಕಾರಣವನ್ನು ಇಟಲಿಯ ಒಂದು ಉದಾಹರಣೆಯಿಂದ ವಿವರಿಸುತ್ತೇನೆ.

2011ರಲ್ಲಿ ಎಸಿ ಮಿಲಾನ್ ಲೀಗ್ ಗೆದ್ದಿತ್ತು. ಮೂವತ್ತು ದಾಟಿದವರಿಗೆ ಒಂದೇ ವರ್ಷದ ಒಪ್ಪಂದ ಎಂಬುದು ಅಲ್ಲಿನ ನೀತಿಯಾಗಿತ್ತು. ಆ ಸೀಸನ್ನಿನ ಬಹುಭಾಗ ಗಾಯದಿಂದ ಹೊರಗಿದ್ದ 32ರ ಆಂಡ್ರಿಯಾ ಪಿರ್ಲೊ ಶುಲ್ಕವಿಲ್ಲದೆ ಯುವೆಂಟಸ್ ಸೇರಿದ. ಮುಂದಿನ ಸೀಸನ್ನಿನಲ್ಲಿ ಯುವೆಂಟಸ್ 38 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಪ್ರಶಸ್ತಿ ಗೆದ್ದಿತು, ಅವನಿದ್ದ ನಾಲ್ಕೂ ಸೀಸನ್ನುಗಳಲ್ಲಿ ಲೀಗ್ ಅದರದ್ದೇ ಆಯಿತು. ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಹಿರಿಯರ ಪರ ವಕಾಲತ್ತು ಮಾಡಿದಂತಾಗುತ್ತದೆ. ಆದರೆ 2012ರಲ್ಲಿ ಅದೇ ಮಿಡ್‌ಫೀಲ್ಡಿಗೆ ಮ್ಯಾಂಚೆಸ್ಟರ್ ಯುನೈಟೆಡ್‌ನಿಂದ ಒಪ್ಪಂದ ಮುಗಿಸಿಕೊಂಡ 19ರ ಪೌಲ್ ಪೋಗ್ಬ ಕೂಡ ಬಂದ. ಪಿರ್ಲೊ ಹಿಂದೆ ನಿಂತು ಆಟದ ಲಯವನ್ನು ಹಿಡಿದಿಟ್ಟಿದ್ದರಿಂದ, ಹುಡುಗ ಮುಂದಕ್ಕೆ ಓಡುವ, ತಪ್ಪುವ, ಮತ್ತೆ ಯತ್ನಿಸುವ ಸ್ವಾತಂತ್ರ್ಯ ಪಡೆದ. 2016ರಲ್ಲಿ ಅವನನ್ನು ಅದೇ ಮ್ಯಾಂಚೆಸ್ಟರ್ ಯುನೈಟೆಡ್ 10.5 ಕೋಟಿ ಯೂರೊ ಕೊಟ್ಟು ವಾಪಸು ಕೊಂಡಿತು. ಹಿರಿಯನಿಂದ ಬಂದದ್ದು ಪ್ರಶಸ್ತಿ, ಕಿರಿಯನಿಂದ ಬಂದದ್ದು ಪ್ರಶಸ್ತಿಯ ಜೊತೆಗೆ ಹಣ.

ಮಿಲಾನಿಗೆ ಮತ್ತೆ ಲೀಗ್ ಸಿಕ್ಕಿದ್ದು 2022ರಲ್ಲಿ. ಆ ತಂಡದ ಎಂಜಿನ್ ರಫಾಯೆಲ್ ಲೆಯಾವೊನಂಥ ಯುವಕರು. ಡ್ರೆಸಿಂಗ್ ರೂಮಿನ ಯಜಮಾನ ಮಾತ್ರ ನಲವತ್ತರ ಜ್ಲಾಟನ್ ಇಬ್ರಾಹಿಮೊವಿಚ್. ಆತ 2020ರ ಜನವರಿಯಲ್ಲಿ ಶುಲ್ಕವಿಲ್ಲದೆ ಬಂದಾಗ ಕೊಟ್ಟ ಮೊದಲ ಒಪ್ಪಂದ ಆರು ತಿಂಗಳದ್ದು, ಮುಂದುವರಿಸುವ ಆಯ್ಕೆಯೊಂದಿಗೆ. ಗೆದ್ದ ಸೀಸನ್ನಿನಲ್ಲಿ ಹೆಚ್ಚಿನ ಪಂದ್ಯಗಳಿಗೆ ಆತ ಮೊದಲ ಹನ್ನೊಂದರಲ್ಲಿ ಇರಲೇ ಇಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಚರ್ಚೆಯ ಕೀಲಿ ಇಲ್ಲಿದೆ. ವಯಸ್ಸನ್ನು ಎಣಿಸಬೇಡಿ, ನಿಮಿಷಗಳನ್ನು ಎಣಿಸಿ. ಹಿರಿಯನು ಆಡುವ ಪ್ರತಿ ನಿಮಿಷ ಯಾರ ನಿಮಿಷವಾಗಿತ್ತು, ಆ ಹುಡುಗ ಆಡಲು ಸಿದ್ಧನಿದ್ದನೇ, ಒಪ್ಪಂದ ಎಷ್ಟು ಕಾಲದ್ದು ಎಂಬ ವಿಷಯಗಳಿಗೆ ಉತ್ತರವಿಲ್ಲದೆ ಸಹಿ ಮಾಡಿಸುವ ಕ್ಲಬ್ ಎಡವುತ್ತದೆ. ನಾನು ಕಂಡಂತೆ ನಷ್ಟವಾಗುವುದು ಮೊದಲ ವರ್ಷದಲ್ಲಿ ಅಲ್ಲ. ಹೆಸರಿಗೆ ಮರುಳಾಗಿ ಬರೆದುಕೊಟ್ಟ ಎರಡನೆಯ ಮತ್ತು ಮೂರನೆಯ ವರ್ಷಗಳಲ್ಲಿ.

ಆಡುವ ಸ್ಥಾನವೂ ಮುಖ್ಯ. ಗೋಲ್‌ಕೀಪರ್ ಮತ್ತು ರಕ್ಷಣೆಯ ನಟ್ಟನಡುವೆ ಆಡುವ ಸೆಂಟರ್ ಬ್ಯಾಕ್‌ಗಳಿಗೆ ಅನುಭವ ವೇಗವನ್ನು ಬಹುಕಾಲ ಸರಿದೂಗಿಸುತ್ತದೆ. ಮೈದಾನದ ಅಂಚಿನಲ್ಲಿ ಓಡಿ ದಾಳಿ ಮಾಡುವ ವಿಂಗರ್‌ಗೆ ಅಷ್ಟು ಕಾಲ ಆ ಅನುಕೂಲ ಇರುವುದಿಲ್ಲ. ಓಟ ಕುಂದಿದ ವಿಂಗರನ್ನು ಎರಡು ವರ್ಷಕ್ಕೆ ತರುವುದಕ್ಕಿಂತ ಅರೆಬೆಂದ ಹುಡುಗನನ್ನೇ ಆಡಿಸುವುದು ಲೇಸು.

ನಮ್ಮ ದೇಶದ ಅನುಭವವೂ ಇದಕ್ಕೆ ಹೊರತಲ್ಲ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಆರಂಭವಾದಾಗ ಡೆಲ್ ಪಿಯೆರೊ, ಪಿರೆಸ್, ಟ್ರೆಜೆಗೆ ಮುಂತಾದ ದೊಡ್ಡ ಹೆಸರುಗಳು ಬಂದವು. ನಲವತ್ತರ ಹೊಸ್ತಿಲಲ್ಲಿದ್ದ ಡೆಲ್ ಪಿಯೆರೊ ದೆಹಲಿ ಪರ ಹತ್ತು ಪಂದ್ಯ ಆಡಿ ಒಂದು ಗೋಲು ಹೊಡೆದ. ಅವನನ್ನು ಕರೆತಂದದ್ದು ಗೋಲಿಗಿಂತ ಹೆಚ್ಚಾಗಿ ಕ್ರೀಡಾಂಗಣ ತುಂಬಿಸಲು, ಹೊಸ ಲೀಗಿಗೆ ಅದು ಬೇಕೂ ಆಗಿತ್ತೆನ್ನಿ. ಅದೇ ಸೀಸನ್ನಿನಲ್ಲಿ 33ರ ಎಲಾನೊ ಚೆನ್ನೈ ಪರ ಎಂಟು ಗೋಲು ಹೊಡೆದು ಅಗ್ರ ಗೋಲುಗಾರನಾದ. ಇಬ್ಬರನ್ನೂ ‘ಹಿರಿಯ’ ಎಂಬ ಒಂದೇ ಪದದಲ್ಲಿ ಕಟ್ಟಿಹಾಕಲಾಗದು.

ತಮ್ಮ ಮೆಚ್ಚಿನ ಕ್ಲಬ್ಬಿನ 2024–25ರ ಸೀಸನ್ನನ್ನೇ ನೆನಪಿಸಿಕೊಳ್ಳಿ. ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧದ ಮೊದಲ ಪಂದ್ಯವನ್ನು ಗೆಲ್ಲಿಸಿಕೊಟ್ಟ ಏಕೈಕ ಗೋಲು ಇಪ್ಪತ್ತು ತುಂಬದ ವಿನಿತ್ ವೆಂಕಟೇಶ್ ಅವರದ್ದು. ಅದೇ ಸೀಸನ್ನಿನಲ್ಲಿ ನಲವತ್ತು ತುಂಬಿದ ಸುನಿಲ್ ಛೆಟ್ರಿ 14 ಗೋಲು ಹೊಡೆದು ಭಾರತೀಯರ ಪೈಕಿ ಮೊದಲಿಗರಾದರು, ತಂಡ ಫೈನಲ್ ತಲುಪಿತು. ಛೆಟ್ರಿ 2013ರಿಂದಲೂ ಆ ಕ್ಲಬ್ಬಿನೊಂದಿಗೆ ಇರುವವರು, ಹೊರಗಿನಿಂದ ತಂದ ಫ್ರೀ ಏಜೆಂಟ್ (ಒಪ್ಪಂದ ಮುಗಿದು ಶುಲ್ಕವಿಲ್ಲದೆ ಸಿಗುವ ಆಟಗಾರ) ಅಲ್ಲ ಎಂದು ತಾವು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಹುಡುಗನ ಹೆಸರು, ಊರು, ಹಠ ಎಲ್ಲವನ್ನೂ ಬಲ್ಲ ಹಿರಿಯನಿಗೂ, ಜೂನಿನಲ್ಲಿ ಬಂದು ಮುಂದಿನ ಮೇನಲ್ಲಿ ಪೆಟ್ಟಿಗೆ ಕಟ್ಟುವ ಹಿರಿಯನಿಗೂ ಅಂತರವಿದೆ. ಸಾಧ್ಯವಿದ್ದಲ್ಲಿ ಕ್ಲಬ್ ತನ್ನ ಹಿರಿಯರನ್ನು ತಾನೇ ಮಾಗಿಸಿಕೊಳ್ಳಬೇಕು.

ತಮ್ಮ ಕಾಫಿ ಗಿಡದ ಹೋಲಿಕೆಯ ಬಗ್ಗೆಯೂ ಒಂದು ಮಾತು. ಸಸಿಯು ಪಕ್ಕದ ಹಳೆಯ ಗಿಡವನ್ನು ನೋಡಿ ಕಲಿಯುವುದಿಲ್ಲ, ಹುಡುಗ ಕಲಿಯುತ್ತಾನೆ. ಹಲವು ವರ್ಷಗಳ ಹಿಂದೆ ಚಿಕ್ಕಮಗಳೂರಿನ ಬೋಸ್ ಮೈದಾನದಲ್ಲಿ ನಾನು ತರಬೇತಿ ಕೊಡುತ್ತಿದ್ದಾಗ, ಸೇವೆಯಿಂದ ನಿವೃತ್ತನಾಗಿದ್ದ ಒಬ್ಬ ಹಳೆಯ ಹಾಫ್ ಬ್ಯಾಕ್ ಮಳೆಗಾಲದ ಸಂಜೆಗಳಲ್ಲಿ ನಮ್ಮೊಡನೆ ಆಡಲು ಬರುತ್ತಿದ್ದ. ಕೆಸರಿನಲ್ಲಿ ಚೆಂಡು ಹೂತು ನಿಲ್ಲುತ್ತಿತ್ತು, ಓಡಲು ಅವನಿಂದ ಆಗುತ್ತಲೂ ಇರಲಿಲ್ಲ. ಆದರೆ ಚೆಂಡು ತನ್ನ ಕಾಲಿಗೆ ಬರುವ ಮೊದಲೇ ಒಮ್ಮೆ ಎಡ ಹೆಗಲಿನ ಮೇಲಿಂದ, ಒಮ್ಮೆ ಬಲ ಹೆಗಲಿನ ಮೇಲಿಂದ ಹಿಂದಕ್ಕೆ ನೋಡಿಕೊಳ್ಳುವುದು ಅವನ ಅಭ್ಯಾಸ. ನಾನು ಒಂದು ವರ್ಷ ಕೂಗಿ ಹೇಳಿದರೂ ಕಲಿಯದ ಹದಿನಾರರ ಹುಡುಗನೊಬ್ಬ ಮೂರು ವಾರಗಳಲ್ಲಿ ಅದನ್ನು ಕಲಿತ. ಯಾರೂ ಅವನಿಗೆ ಬಾಯಿಬಿಟ್ಟು ಹೇಳಿರಲಿಲ್ಲ.

ಪ್ರಶ್ನೆ: ಹಾಸನದಲ್ಲಿ ಸಣ್ಣದೊಂದು ಫುಟ್‌ಬಾಲ್ ಅಕಾಡೆಮಿ ನಡೆಸುತ್ತಿದ್ದೇನೆ. ನಾವು ಬೆಳೆಸಿದ ಹುಡುಗ ಮುಂದೆ ದೊಡ್ಡ ಕ್ಲಬ್ ಸೇರಿದರೆ ನಮಗೆ ಏನಾದರೂ ಬರುತ್ತದೆಯೇ? ಅವನು ಫ್ರೀ ಏಜೆಂಟ್ ಆಗಿ ಹೋದರೆ?

ಉತ್ತರ: ಫಿಫಾ ನಿಯಮಗಳಲ್ಲಿ ಎರಡು ಬಗೆಯ ಪಾಲು ಇದೆ. ಮೊದಲನೆಯದು ತರಬೇತಿ ಪರಿಹಾರ. 12ರಿಂದ 21ರ ವಯಸ್ಸಿನಲ್ಲಿ ತರಬೇತಿ ಕೊಟ್ಟ ಕ್ಲಬ್ಬಿಗೆ, ಹುಡುಗ ಮೊದಲ ಬಾರಿ ವೃತ್ತಿಪರನಾಗಿ ನೋಂದಾಯಿಸಿಕೊಂಡಾಗ ಮತ್ತು 23 ತುಂಬುವ ವರ್ಷದವರೆಗಿನ ವರ್ಗಾವಣೆಗಳಲ್ಲಿ ಇದು ಸಲ್ಲಬೇಕು. ಒಪ್ಪಂದ ಮುಗಿದ ಮೇಲೆ ಹೋದರೂ ಇದು ಅನ್ವಯಿಸಬಹುದು. ಎರಡನೆಯದು ಸಾಲಿಡಾರಿಟಿ ಪಾಲು, ಅಂದರೆ ವರ್ಗಾವಣೆ ಶುಲ್ಕದ ಶೇ 5. ಇದು ಆಟಗಾರನನ್ನು 12ರಿಂದ 23ರವರೆಗೆ ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗುತ್ತದೆ. 12ರಿಂದ 15ರವರೆಗಿನ ಪ್ರತಿ ವರ್ಷಕ್ಕೆ ಶುಲ್ಕದ ಶೇ 0.25, ನಂತರದ ಪ್ರತಿ ವರ್ಷಕ್ಕೆ ಶೇ 0.5. ತಮ್ಮಲ್ಲಿ 13 ಮತ್ತು 14ರ ವಯಸ್ಸಿನಲ್ಲಿ ಕಲಿತ ಹುಡುಗನನ್ನು ಒಂದು ಭಾರತೀಯ ಕ್ಲಬ್ ವಿದೇಶಕ್ಕೆ 1 ಕೋಟಿ ರೂಪಾಯಿಗೆ ಮಾರಿದರೆ ತಮ್ಮ ಪಾಲು 50,000 ರೂಪಾಯಿ. ಒಂದು ವರ್ಷದ ಚೆಂಡು, ಬಲೆ, ಕೋನುಗಳಿಗೆ ಸಾಕಾದೀತು.

ಅದೇ ಹುಡುಗ ಮೂವತ್ತರಲ್ಲಿ ಫ್ರೀ ಏಜೆಂಟ್ ಆಗಿ ಕ್ಲಬ್ ಬದಲಿಸಿದರೆ ಶುಲ್ಕವೇ ಇಲ್ಲದಿರುವುದರಿಂದ ಪಾಲೂ ಸೊನ್ನೆ. ಫ್ರೀ ಏಜೆಂಟ್ ಮಾರುಕಟ್ಟೆ ಬೆಳೆದಷ್ಟೂ ಕೆಳಹಂತದ ಅಕಾಡೆಮಿಗಳ ಆದಾಯ ಒಣಗುತ್ತದೆ ಎಂಬುದು ನನ್ನ ದೊಡ್ಡ ತಕರಾರು; ಈ ಬಗ್ಗೆ ಸುದ್ದಿ ಮಾಡುವವರು ಕಡಿಮೆ. ದೇಶದೊಳಗಿನ ವರ್ಗಾವಣೆಗಳಿಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ನಿಯಮಗಳನ್ನು ಓದಿಕೊಳ್ಳಿ. ಎಲ್ಲಕ್ಕಿಂತ ಮೊದಲು ತಮ್ಮ ಹುಡುಗರನ್ನು ಎಐಎಫ್‌ಎಫ್‌ನ ಕೇಂದ್ರೀಕೃತ ನೋಂದಣಿ ವ್ಯವಸ್ಥೆಯಾದ ಸಿಆರ್‌ಎಸ್‌ನಲ್ಲಿ ತಮ್ಮ ಅಕಾಡೆಮಿಯ ಹೆಸರಿನಲ್ಲಿಯೇ ನೋಂದಾಯಿಸಿ. ಆಟಗಾರನ ಪಾಸ್‌ಪೋರ್ಟಿನಲ್ಲಿ, ಅಂದರೆ ಅವನು ಯಾವ ಯಾವ ಕ್ಲಬ್ಬಿನಲ್ಲಿ ನೋಂದಾಯಿತನಾಗಿದ್ದ ಎಂಬ ದಾಖಲೆಯಲ್ಲಿ, ತಮ್ಮ ಹೆಸರು ಇಲ್ಲದಿದ್ದರೆ ಎಷ್ಟೇ ಬೆವರು ಸುರಿಸಿದ್ದರೂ ಹಕ್ಕು ಸಾಧಿಸುವುದು ಬಹಳ ಕಷ್ಟ. ಹದಿನೆಂಟರೊಳಗಿನವರ ವೃತ್ತಿಪರ ಒಪ್ಪಂದ ಮೂರು ವರ್ಷ ಮೀರುವಂತಿಲ್ಲ ಎಂಬುದನ್ನು ಪೋಷಕರಿಗೂ ತಿಳಿಸಿ.

ಪ್ರಶ್ನೆ: ಜಿಲ್ಲಾ ಟೂರ್ನಿಗೆ ಬೆಂಗಳೂರಿನಿಂದ ಐದು ಮಂದಿ ಗೆಸ್ಟ್ ಆಟಗಾರರನ್ನು ಕರೆಸಬೇಕೆಂದು ನಮ್ಮ ಸಕಲೇಶಪುರದ ತಂಡದಲ್ಲಿ ಒತ್ತಡವಿದೆ. ಏನು ಮಾಡಲಿ?

ಉತ್ತರ: ಇಬ್ಬರನ್ನು ಕರೆಸಿ. ಒಬ್ಬ ಸೆಂಟರ್ ಬ್ಯಾಕ್ ಆಗಿರಲಿ, ಇನ್ನೊಬ್ಬ ನಡುವೆ ಆಡುವವನು. ಪಂದ್ಯದ ದಿನ ಬೆಳಿಗ್ಗೆ ಬಸ್ಸಿಳಿದು ಸಂಜೆ ಹೊರಡುವವರು ಬೇಡ. ಎರಡು ದಿನ ಮೊದಲೇ ಬಂದು ಹುಡುಗರ ಜೊತೆ ಅಭ್ಯಾಸ ಮಾಡಬೇಕೆಂಬ ಷರತ್ತನ್ನು ಹಣದ ಮಾತಿಗೆ ಮೊದಲೇ ಇಡಿ. ಉಳಿದ ಮೂವರ ಪ್ರಯಾಣ, ಊಟ, ಸಂಭಾವನೆಯ ಹಣದಲ್ಲಿ ಒಂಬತ್ತು ಹುಡುಗರಿಗೆ ಸರಿಯಾದ ಸ್ಟಡ್ ಇರುವ ಬೂಟು ಕೊಡಿಸಿ, ಸಕಲೇಶಪುರದ ಮಳೆಯಲ್ಲಿ ಜಾರದೆ ನಿಲ್ಲುವಂಥದ್ದು.