ಗುದ್ದಿದವರದೇ ತಪ್ಪೇ?

ಪ್ರಶ್ನೆ: ನಮ್ಮ ಬಡಾವಣೆಯ ನಾಲ್ಕು ರಸ್ತೆ ಕೂಡುವಲ್ಲಿ ಸಿಗ್ನಲ್ ಇಲ್ಲ. ನಾನು ನೇರ ಹೋಗುತ್ತಿದ್ದಾಗ ಎಡಗಡೆಯ ಕ್ರಾಸ್‌ನಿಂದ ಬಂದ ಕಾರು ನನ್ನ ಎಡ ಹಿಂಬಾಗಿಲಿಗೆ ಗುದ್ದಿತು. ‘ಹಾರ್ನ್ ಹೊಡೆದಿದ್ದೆ, ನೀವೇ ನಿಲ್ಲಬೇಕಿತ್ತು’ ಎನ್ನುತ್ತಾರೆ. ತಪ್ಪು ಯಾರದು?
– ಓದುಗರೊಬ್ಬರು, ಮೈಸೂರು

ಉತ್ತರ: ಹಾರ್ನ್ ಹೊಡೆದರೆ, ಹೆಡ್‌ಲೈಟ್ ಮಿಣುಕಿಸಿದರೆ ದಾರಿಯ ಹಕ್ಕು ಸಿಗುವುದಿಲ್ಲ. ಸಿಗ್ನಲ್ಲೂ ಪೊಲೀಸರೂ ಇಲ್ಲದ ಕೂಡುರಸ್ತೆಯಲ್ಲಿ ಮುಖ್ಯರಸ್ತೆಯ ವಾಹನ ಮೊದಲು. ಎರಡೂ ಸಮಾನ ರಸ್ತೆಗಳಾದರೆ ಬಲಗಡೆಯಿಂದ ಬರುವ ವಾಹನಕ್ಕೆ ದಾರಿ ಬಿಡಬೇಕು. ಅವರ ಪಾಲಿಗೆ ನೀವು ಬಲಗಡೆಯಿಂದ ಬಂದವರು. ಹಾಗಾಗಿ ನಿಲ್ಲಬೇಕಿದ್ದವರು ಅವರು. ಆದರೆ ನಿಮ್ಮ ರಸ್ತೆಯಲ್ಲಿ ‘ನಿಲ್ಲಿ’ ಫಲಕವೋ ತಲೆಕೆಳಗಾದ ತ್ರಿಕೋನದ ಫಲಕವೋ ಇದ್ದರೆ ಲೆಕ್ಕ ತಿರುಗಿಬೀಳುತ್ತದೆ. ಮೊದಲು ಅದನ್ನು ನೋಡಿಕೊಳ್ಳಿ.

‘ಗುದ್ದಿದವರದೇ ತಪ್ಪು’ ಎಂಬ ರಸ್ತೆಬದಿಯ ತೀರ್ಪನ್ನು ನಂಬಬೇಡಿ. ಪೆಟ್ಟು ಬಿದ್ದ ಜಾಗ ಹೇಳುವುದು ಯಾರು ಎಷ್ಟು ಒಳಗೆ ಬಂದಿದ್ದರು ಎಂಬುದನ್ನಷ್ಟೇ. ಹಿಂಬಾಗಿಲಿಗೆ ತಗಲಿದೆ ಎಂದರೆ ನಿಮ್ಮ ಕಾರಿನ ಮುಂಭಾಗ ಆಗಲೇ ಅವರೆದುರು ದಾಟಿತ್ತು. ಇದು ನಿಮಗೆ ಅನುಕೂಲ. ಮುಂದಿನ ಬಂಪರಿನ ಮೂಲೆಗೆ ತಗಲಿದ್ದರೆ ವಾದ ಇಷ್ಟು ಸುಲಭವಿರುತ್ತಿರಲಿಲ್ಲ. ಹಾಗೆಂದು ಕೂಡುರಸ್ತೆಯಲ್ಲಿ ವೇಗ ತಗ್ಗಿಸದೆ ನುಗ್ಗಿದ್ದರೆ ನಿಮ್ಮ ಮೇಲೂ ಪಾಲು ಬರುತ್ತದೆ. ಅಪಘಾತ ಪರಿಹಾರದ ಅರ್ಜಿಗಳನ್ನು ವಿಚಾರಿಸುವ ನ್ಯಾಯಮಂಡಳಿ ನಿಮಗೆ ಕಾಲು ಪಾಲು ತಪ್ಪು ಹೊರಿಸಿದರೆ ಪರಿಹಾರದಲ್ಲೂ ಕಾಲು ಭಾಗ ಖೋತಾ. (ನಿಮ್ಮ ಕಾರಿನಲ್ಲಿದ್ದವರಿಗೆ ಪೆಟ್ಟಾಗಿದ್ದರೆ ಈ ಕಡಿತ ಅವರಿಗೆ ತಟ್ಟದು, ಪೂರ್ತಿ ಪರಿಹಾರವನ್ನು ಇಬ್ಬರಲ್ಲಿ ಯಾರಿಂದಲಾದರೂ ಕೇಳಬಹುದು.)

ಇದೆಲ್ಲ ನಿಲ್ಲುವುದು ಸಾಕ್ಷ್ಯದ ಮೇಲೆ. ಡೊಂಕಾದ ತಗಡಿನ ಫೋಟೊಗಳೇ ಎಲ್ಲರ ಮೊಬೈಲಿನಲ್ಲಿ ತುಂಬಿರುತ್ತವೆ, ರಸ್ತೆಯದು ಒಂದೂ ಇರುವುದಿಲ್ಲ. ಕಾರು ಸರಿಸುವ ಮೊದಲೇ ನಾಲ್ಕೂ ದಿಕ್ಕಿನಿಂದ ಇಡೀ ಕೂಡುರಸ್ತೆ ಕಾಣುವಂತೆ ತೆಗೆಯಬೇಕು. ಬ್ರೇಕ್ ಉಜ್ಜಿದ ಗುರುತು, ಚಕ್ರಗಳು ತಿರುಗಿದ ಕೋನ, ಒಡೆದ ಗಾಜು, ಬಂಪರಿನಡಿಯಿಂದ ಉದುರಿದ ಮಣ್ಣು ಮುಖ್ಯ. ಮಣ್ಣಿನ ಗುಡ್ಡೆ ಇರುವಲ್ಲೇ ಸಾಮಾನ್ಯವಾಗಿ ಡಿಕ್ಕಿ ಆಗಿರುತ್ತದೆ. ಈಗ ಅದು ತಪ್ಪಿಹೋಗಿದ್ದರೆ ಮೂಲೆಯ ಅಂಗಡಿಯ ಸಿಸಿಟಿವಿ ಇವತ್ತೇ ಕೇಳಿ, ಹಳೆಯದರ ಮೇಲೆ ಹೊಸದು ದಾಖಲಾಗಿಬಿಡುತ್ತದೆ.

ಯಾರಿಗಾದರೂ ಪೆಟ್ಟಾಗಿದ್ದರೆ ಪೊಲೀಸರಿಗೆ 24 ಗಂಟೆಯೊಳಗೆ ತಿಳಿಸುವುದು ಕಡ್ಡಾಯ. ಅವರು ಬರೆಯುವ ಸ್ಥಳದ ನಕ್ಷೆಯಲ್ಲಿ ರಸ್ತೆಯ ಅಗಲ, ಫಲಕ, ಡಿಕ್ಕಿಯಾದ ಬಿಂದು ಸರಿಯಾಗಿವೆಯೇ ನೋಡಿ; ಮುಂದೆ ನ್ಯಾಯಮಂಡಳಿ ನೆಚ್ಚುವುದು ಅದನ್ನೇ. ಗಾಯದ ಪರಿಹಾರದ ಅರ್ಜಿಗೆ ಅಪಘಾತದ ದಿನದಿಂದ 6 ತಿಂಗಳ ಗಡುವಿದೆ.

ಬರೀ ಬಾಗಿಲಿನ ಖರ್ಚಾದರೆ, ಸಮಗ್ರ ವಿಮೆ (ಸ್ವಂತ ಕಾರಿನ ಹಾನಿಯನ್ನೂ ತುಂಬಿಕೊಡುವ ವಿಮೆ) ಇದ್ದವರು ತಮ್ಮ ಕಂಪನಿಯಲ್ಲೇ ಕ್ಲೇಮ್ ಮಾಡುವುದು ಬೇಗ ಮುಗಿಯುವ ದಾರಿ. ತಪ್ಪು ಯಾರದೆಂದು ಇತ್ಯರ್ಥವಾಗುವವರೆಗೆ ಕಾಯಬೇಕಿಲ್ಲ. ಕ್ಲೇಮ್ ಮಾಡದ ವರ್ಷಗಳಿಗಾಗಿ ವಿಮೆ ಕಂತಿನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್ ಮಾತ್ರ ಹೋಗುತ್ತದೆ. ರಿಪೇರಿ ಖರ್ಚು ಆ ಬೋನಸ್‌ಗಿಂತ ಕಡಿಮೆಯಾದರೆ ಗುದ್ದಿದ ಕಾರಿನವರಿಂದಲೇ ಹಣ ಪಡೆಯುವುದು ಲೇಸು. ಹಣ ಕೈಗೆ ಬರುವ ಮುಂಚೆ ರಾಜಿಪತ್ರಕ್ಕೆ ಸಹಿ ಹಾಕಬೇಡಿ.